ಫ್ಲೆಕ್ಸ್ ಪ್ರಿಂಟರ್ ಬೋರ್ಡ್ ಕೆಟ್ಟಿದೆಯಾ? ರಿಪೇರಿ, ಹಳೇ ಬೋರ್ಡ್, ಹೊಸ ಬೋರ್ಡ್, ಕನ್ವರ್ಶನ್: ಯಾರಿಗೆ ಯಾವುದು ಸರಿ

ಮುಂಬಯಿ, ಪುಣೆ, ಗೋವಾದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ನಮ್ಮ ಕನ್ನಡಿಗರು ಮಳೆಗಾಲ ಶುರುವಾದರೆ ಸಾಕು, ಇದೇ ಪ್ರಶ್ನೆ ಕೇಳುತ್ತಾರೆ. ಮಷಿನ್ ನಿಂತಿದೆ. ನೋಡಲು ಬಂದವರು ‘ಬೋರ್ಡ್ ಗಯಾ’, ಅಂದರೆ ಮಷಿನ್ ನಡೆಸುವ ಸರ್ಕ್ಯೂಟ್ ಬೋರ್ಡ್ ಕೆಟ್ಟಿದೆ, ಅಂತ ಹೇಳಿ ಹೋಗಿದ್ದಾರೆ. ಒಬ್ಬರು ಚಿಪ್ ಲೆವೆಲ್ ರಿಪೇರಿ (ಬೋರ್ಡ್ ಮೇಲಿನ ಕೆಟ್ಟ ಬಿಡಿಭಾಗವನ್ನಷ್ಟೇ ಬದಲಿಸುವುದು) ಮಾಡಿಕೊಡುತ್ತೇನೆ ಅನ್ನುತ್ತಾರೆ, ಇನ್ನೊಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಬೋರ್ಡ್ ಇದೆ, ಕಂಪನಿ ಸರ್ವಿಸ್‌ನವರು ಹೊಸದೇ ಹಾಕಬೇಕು ಅನ್ನುತ್ತಾರೆ, ಮತ್ತೊಬ್ಬರು ಎಲ್ಲಾ ಬೋರ್ಡ್ ಕಿತ್ತು ಹೊಸ ಕಿಟ್ ಕೂರಿಸೋಣ (ಇದೇ ಕನ್ವರ್ಶನ್) ಅಂತ ರೇಟ್ ಕೂಡ ಕೊಟ್ಟಿದ್ದಾರೆ. ಗಣಪತಿ ಹಬ್ಬ ಹತ್ತಿರ ಬಂದಿದೆ, ಮಂಡಳಿಗಳ ಬ್ಯಾನರ್ ಆರ್ಡರ್ ಕೈಯಲ್ಲಿದೆ. ಏನು ಮಾಡೋದು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಎಲ್ಲರಿಗೂ ಅನ್ವಯಿಸುವ ಒಂದು ಮಾತಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ಡ್ ಯಾಕೆ ಸತ್ತಿತು ಅನ್ನೋದು ಗೊತ್ತಾಗದೆ ಯಾವ ಬೋರ್ಡನ್ನೂ ಕೂರಿಸಬೇಡಿ. ರಿಪೇರಿ ಆಗಿ ಬಂದದ್ದಿರಲಿ, ಹಳೆಯದಿರಲಿ, ಕಂಪನಿಯ ಸೀಲ್ ಒಡೆಯದ ಹೊಸದಿರಲಿ. ಇಂಕ್ ಚಿಮ್ಮಿಸುವ ಭಾಗಕ್ಕೆ ಹೆಡ್ ಅನ್ನುತ್ತಾರೆ. ಕೆಟ್ಟ ಹೆಡ್ ಒಳ್ಳೆಯ ಬೋರ್ಡನ್ನು ಸುಡುತ್ತದೆ. ಕೆಟ್ಟ ಬೋರ್ಡ್ ಒಳ್ಳೆಯ ಹೆಡ್ಡನ್ನು ಸುಡುತ್ತದೆ. ಇವೆರಡನ್ನೂ ಒಟ್ಟಿಗೆ ನೋಡದೆ ಖರ್ಚು ಮಾಡಿದವರೇ ಎರಡು ಸಲ ದುಡ್ಡು ಕಟ್ಟುತ್ತಾರೆ.

ಮೊದಲು ಯಾವುದನ್ನು ತೂಗಬೇಕು

ರೇಟ್ ಕೇಳುವ ಮೊದಲು ಈ ಕೆಲವು ವಿಷಯಕ್ಕೆ ಉತ್ತರ ಇಟ್ಟುಕೊಳ್ಳಿ.

ದಿನದ ಲೆಕ್ಕ ಮೊದಲು. ಮಷಿನ್ ಒಂದು ದಿನ ನಿಂತರೆ ಎಷ್ಟು ಹೋಗುತ್ತದೆ? ಬೋರ್ಡ್ ರೇಟನ್ನು ಎಲ್ಲರೂ ಚೌಕಾಸಿ ಮಾಡುತ್ತಾರೆ, ನಿಂತ ದಿನಗಳ ರೇಟನ್ನು ಯಾರೂ ಬರೆದಿಡುವುದಿಲ್ಲ. ಲೆಕ್ಕಕ್ಕೆ ಅಂತ ಹೇಳೋಣ, ಖರ್ಚು ಕಳೆದು ದಿನಕ್ಕೆ 4,000 ರೂಪಾಯಿ ಉಳಿಯುವ ಅಂಗಡಿ ನಿಮ್ಮದು. 15,000ದ ರಿಪೇರಿಗೆ ಹತ್ತು ದಿನ ಕಾದರೆ ಅದರ ನಿಜವಾದ ಬೆಲೆ 55,000. ಎರಡೇ ದಿನದಲ್ಲಿ ಸಿಗುವ 40,000ದ ಬೋರ್ಡ್‌ಗೆ 48,000. ಅಂದರೆ ದುಬಾರಿ ಅನಿಸಿದ್ದೇ ಇಲ್ಲಿ ಅಗ್ಗ. ಆದರೆ ಆ ಹತ್ತು ದಿನ ಕೆಲಸವನ್ನು ಪಕ್ಕದ ಅಂಗಡಿಗೆ ಜಾಬ್‌ವರ್ಕ್ ಕೊಟ್ಟು ಅರ್ಧ ಲಾಭವನ್ನಾದರೂ ಉಳಿಸಿಕೊಳ್ಳುವ ಹಾಗಿದ್ದರೆ ರಿಪೇರಿ 35,000ಕ್ಕೆ ಇಳಿಯುತ್ತದೆ, ಆಗ ಲೆಕ್ಕ ತಿರುಗುತ್ತದೆ. ನಿಮ್ಮ ಅಂಕಿ ಹಾಕಿ ನೋಡಿ.

ಎರಡನೆಯದು ಹೆಡ್. ನಿಮ್ಮ ಮಷಿನ್‌ನಲ್ಲಿ ಹೆಡ್ ದುಬಾರಿಯಾ, ಬೋರ್ಡ್ ದುಬಾರಿಯಾ? ಕೋನಿಕಾ 512ಐ ಹೆಡ್‌ಗಳ ನಾಲ್ಕು ಅಥವಾ ಎಂಟರ ಸೆಟ್ ಇರುವ ಫ್ಲೆಕ್ಸ್ ಮಷಿನ್‌ನಲ್ಲಿ ಬೋರ್ಡ್ ಉಳಿಸಲು ಹೋಗಿ ಹೆಡ್ ಕಳೆದುಕೊಳ್ಳುವುದು ದೊಡ್ಡ ನಷ್ಟ. ಅಂಥ ಕಡೆ ಹೆಡ್‌ಗೆ ಅಪಾಯ ಕಡಿಮೆ ಇರುವ ದಾರಿಯನ್ನೇ ಹಿಡಿಯಬೇಕು, ನಾಲ್ಕು ಕಾಸು ಜಾಸ್ತಿಯಾದರೂ.

ಮೂರನೆಯದು ಬೋರ್ಡ್ ಒಳಗಿರುವ ಮಾಹಿತಿ. ಸೀರಿಯಲ್ ನಂಬರ್, ಹೆಡ್ ರ್‍ಯಾಂಕ್ (ಹೆಡ್ ಮೇಲಿನ ಸ್ಟಿಕ್ಕರ್‌ನಲ್ಲಿರುವ ಅದರ ಅಂಕಿ), ಹೆಡ್ ವೋಲ್ಟೇಜ್, ಫೀಡ್ ಹೊಂದಾಣಿಕೆ, ಎರಡೂ ದಿಕ್ಕಿನ ಅಲೈನ್‌ಮೆಂಟ್ ಇವೆಲ್ಲ ಒಂದು ಸಣ್ಣ ಮೆಮೊರಿ ಐಸಿಯಲ್ಲಿ ಕೂತಿರುತ್ತವೆ. ರಿಪೇರಿ ಮಾಡಿಸಿದರೆ ಇವು ಉಳಿಯುತ್ತವೆ. ಬೋರ್ಡ್ ಬದಲಿಸಿದರೆ ಮತ್ತೆ ತುಂಬಬೇಕು. ಬ್ಯಾಕಪ್ ಇದೆಯಾ? ಇಲ್ಲದಿದ್ದರೆ ತುಂಬಿಕೊಡುವ ಸರ್ವಿಸ್ ಹುಡುಗ ನಿಮ್ಮ ಊರಲ್ಲಿ ಇದ್ದಾನಾ?

ಇನ್ನುಳಿದದ್ದು ಮಷಿನ್‌ನ ಆಯಸ್ಸು, ಬಿಲ್ ಮತ್ತು ವಾರಂಟಿ, ಮತ್ತೆ ನೀವಿರುವ ಊರು. ಊರು ಅನ್ನೋದು ಸಣ್ಣ ವಿಷಯ ಅಲ್ಲ. ಮುಂಬಯಿಯಲ್ಲಿ ಮಧ್ಯಾಹ್ನ ಸಿಗುವ ಐಸಿ ಗೋವಾದ ಮಾಪುಸಾದಲ್ಲಿ ನಾಲ್ಕು ದಿನ ಬಿಟ್ಟು ಸಿಗುತ್ತದೆ.

ನಿಜವಾಗಿಯೂ ಬೋರ್ಡೇ ಹೋಗಿದೆಯಾ

ಇಲ್ಲಿ ಸ್ವಲ್ಪ ನಿಧಾನಿಸಿ. ‘ಬೋರ್ಡ್ ಗಯಾ’ ಅಂತ ಹೇಳುವುದು ಸುಲಭ, ಯಾಕೆಂದರೆ ಅಲ್ಲಿಗೆ ಹುಡುಕುವ ಕೆಲಸ ಮುಗಿಯುತ್ತದೆ. ದೋಷದ ಗುಣ ನೋಡಿದರೆ ಎಷ್ಟೋ ಸಲ ಕಾರಣ ಬೇರೆ ಕಡೆ ಸಿಗುತ್ತದೆ.

ಲೈಟೇ ಬರುತ್ತಿಲ್ಲ ಅಂದರೆ ಮೊದಲು ಎಸ್‌ಎಂಪಿಎಸ್ (ಕರೆಂಟನ್ನು ಕಡಿಮೆ ವೋಲ್ಟ್‌ನ ಡಿಸಿಗೆ ಇಳಿಸಿ ಕೊಡುವ ಡಬ್ಬಿ) ನೋಡಿ. 24 ವೋಲ್ಟ್ ಬರಬೇಕಾದ ಕಡೆ 24 ಇದೆಯಾ? ಲೋಡ್ ಇಲ್ಲದಾಗ 24 ತೋರಿಸಿ, ಮೋಟಾರ್ ಎಳೆದ ತಕ್ಷಣ 18ಕ್ಕೆ ಬಿದ್ದರೆ ಹೆಚ್ಚಿನ ಸಲ ಅದು ಬೋರ್ಡ್ ತಪ್ಪಲ್ಲ, ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಸೋತಿರುತ್ತದೆ. ಹೀಟರ್ ಅಥವಾ ವ್ಯಾಕ್ಯೂಮ್ ಫ್ಯಾನ್ ಶುರುವಾದಾಗ ಮಾತ್ರ ಮಷಿನ್ ರೀಸ್ಟಾರ್ಟ್ ಆಗುತ್ತಿದ್ದರೂ ಹಾಗೆಯೇ, ಇಲ್ಲವೇ ನ್ಯೂಟ್ರಲ್ ಸ್ಕ್ರೂ ಸಡಿಲ. ಒಂದು ಎಚ್ಚರಿಕೆ: ಎಸ್‌ಎಂಪಿಎಸ್‌ನ ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್‌ನಲ್ಲಿ 320 ವೋಲ್ಟ್‌ನಷ್ಟು ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅಭ್ಯಾಸ ಇಲ್ಲದವರು ಅದರ ಡಬ್ಬಿ ತೆರೆಯಬೇಡಿ, ಎಸ್‌ಎಂಪಿಎಸ್ಸನ್ನೇ ಬದಲಿಸಿ.

ಹೆಡ್ ಹೊತ್ತು ಓಡುವ ಕ್ಯಾರೇಜ್ ಹೋಗಿ ಬದಿಗೆ ದಡ್ ಅಂತ ಹೊಡೆಯುತ್ತದೆ, ಮೋಟಾರ್ ಎರರ್ ಬರುತ್ತದೆ. ಕ್ಯಾರೇಜ್ ಎಲ್ಲಿದೆ ಅಂತ ತಿಳಿಸುವ, ಗೆರೆಗಳಿರುವ ಎನ್‌ಕೋಡರ್ ಪಟ್ಟಿಯ ಮೇಲೆ ಇಂಕ್ ಮಂಜು ಕೂತಿದೆಯಾ ನೋಡಿ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಕಂಪನಿ ಒಪ್ಪದ ಸಾಲ್ವೆಂಟ್ ಹಾಕಬೇಡಿ, ಗೆರೆಗಳೇ ಅಳಿಸಿಹೋಗಬಹುದು.

ಪ್ರಿಂಟ್ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಯುಎಸ್‌ಬಿ ಕೇಬಲ್, ಕಂಪ್ಯೂಟರ್‌ನ ಸ್ಲೀಪ್ ಸೆಟ್ಟಿಂಗ್, ಅರ್ತಿಂಗ್ ಈ ಮೂರನ್ನು ಮೊದಲು ಸರಿ ಮಾಡಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಇಟ್ಟು ನೋಡಿ, ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಬಣ್ಣದ ವಿಷಯದಲ್ಲಿ ಒಂದು ಗುರುತು ನೆನಪಿಡಿ. ನಾಜಲ್‌ಗಳು (ಹೆಡ್‌ನ ಇಂಕ್ ರಂಧ್ರಗಳು) ಅಲ್ಲೊಂದು ಇಲ್ಲೊಂದು ನಿಧಾನವಾಗಿ ಹೋಗುತ್ತಾ ಬಂದರೆ ಅದು ಇಂಕ್, ಡ್ಯಾಂಪರ್ (ಹೆಡ್‌ಗೆ ಇಂಕ್ ಕೊಡುವ ಸಣ್ಣ ಡಬ್ಬಿ) ಅಥವಾ ಹೆಡ್ ಸಮಸ್ಯೆ. ಒಂದು ಪೂರ್ತಿ ಬಣ್ಣ ಅಥವಾ ಒಂದು ಪೂರ್ತಿ ಸಾಲು ಒಮ್ಮೆಲೇ ಮಾಯವಾದರೆ ಆಗ ಡೇಟಾ ಕೇಬಲ್, ಫ್ಯೂಸ್, ಡ್ರೈವರ್ ಕಡೆ ನೋಡಬೇಕು.

ಆರ್ಕಿಟೆಕ್ಟ್ ಪ್ಲಾನ್ ತೆಗೆಯುವ ಎಚ್‌ಪಿ ಡಿಸೈನ್‌ಜೆಟ್ ಇಟ್ಟುಕೊಂಡವರಿಗೆ ಬೇರೆ ಮಾತು. ಹಾರ್ಡ್ ಡಿಸ್ಕ್ ಇರುವ ಮಾದರಿಗಳು ಆನ್ ಆಗುವಾಗ ಅರ್ಧದಲ್ಲೇ ನಿಂತುಬಿಟ್ಟರೆ ಡಿಸ್ಕ್ ಮೇಲೆ ಅನುಮಾನ ಪಡಿ. ಡಿಸ್ಕ್ ಸತ್ತದ್ದಕ್ಕೆ ಮೇನ್ ಬೋರ್ಡ್ ಬದಲಿಸಿದರೆ ಏನೂ ಗುಣವಾಗದು. ಹೊಸ ಡಿಸ್ಕ್‌ಗೆ ಆ ಮಾದರಿಯದೇ ಫರ್ಮ್‌ವೇರ್ (ಮಷಿನ್ ನಡೆಸುವ ಒಳಗಿನ ಸಾಫ್ಟ್‌ವೇರ್) ಬೇಕು, ಖಾಲಿ ಡಿಸ್ಕ್ ಹಾಕಿದರೆ ಮಷಿನ್ ಏಳುವುದಿಲ್ಲ. ಬೋರ್ಡ್ ಮತ್ತು ಮಾಹಿತಿ ಇರುವ ಭಾಗ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಒಂದನ್ನು ಹಾಕಿ, ಮಷಿನ್ ಎದ್ದ ಮೇಲೆ ಇನ್ನೊಂದು.

ಬೋರ್ಡ್ ಸುಡುವುದು ಹೇಗೆ

ಇದು ಅರ್ಥವಾದರೆ ಮುಂದಿನ ಆಯ್ಕೆಗಳು ತಾವೇ ಸ್ಪಷ್ಟವಾಗುತ್ತವೆ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಎಪ್ಸನ್ ಹೆಡ್‌ಗಳ ಮಷಿನ್ ತಗೊಳ್ಳಿ, ಡಿಎಕ್ಸ್5 ತರಹದ್ದು. ಹೆಡ್ ಒಳಗೆ ಇಂಕ್ ತಳ್ಳುವ ಪೀಝೋ ಪದರ ಮಿಡಿಯಲು ಒಂದು ಆಕಾರದ ವೋಲ್ಟೇಜ್ ಬೇಕು. ಅದನ್ನು ಬೋರ್ಡ್ ಮೇಲಿನ ಜೋಡಿ ಟ್ರಾನ್ಸಿಸ್ಟರ್‌ಗಳು ಕೊಡುತ್ತವೆ. ಹಲವು ಬೋರ್ಡ್‌ಗಳಲ್ಲಿ ಎ2210 ಮತ್ತು ಸಿ6082 ಎಂಬ ಜೋಡಿಯನ್ನು ನೋಡುತ್ತೀರಿ. ಇವಕ್ಕೆ 42 ವೋಲ್ಟ್‌ನ ಪೂರೈಕೆ ಇರುತ್ತದೆ.

ಡ್ಯಾಂಪರ್ ಸೋರಿ ಇಂಕ್ ಡೇಟಾ ಕೇಬಲ್ ಗುಂಟ ಇಳಿದು ಹೆಡ್‌ನ ಪಿನ್‌ಗಳ ನಡುವೆ ಕೂತಿತು ಅನ್ನಿ. ಶಾರ್ಟ್ ಆಯಿತು. ಟ್ರಾನ್ಸಿಸ್ಟರ್ ಸುಟ್ಟಿತು, ಜೊತೆಗೆ ಸಣ್ಣ ಫ್ಯೂಸ್ ಹೋಯಿತು. ಈಗ ಟ್ರಾನ್ಸಿಸ್ಟರ್, ಫ್ಯೂಸ್ ಬದಲಿಸಿ ಕೇಬಲ್ ಬದಲಿಸದೆ ಮಷಿನ್ ಆನ್ ಮಾಡಿದರೆ ಅದೇ ಕಥೆ ಮತ್ತೊಮ್ಮೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆಗಿ ಕೂತಿದ್ದರೆ ಮಿಡಿತದ ಬದಲು ನೇರ ಡಿಸಿ ಹೆಡ್‌ಗೆ ಹೋಗುತ್ತದೆ. ಹೊಸ ಹೆಡ್ ಹಾಕಿದಿರಿ ಅಂದುಕೊಳ್ಳಿ, ಅದೂ ಹೋಯಿತು. ಫ್ಯೂಸ್ ಜಾಗದಲ್ಲಿ ತಂತಿ ಬೆಸೆದು ಕೊಡುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ, ಹೆಡ್ ಉಳಿಸಲು ಇರುವುದು ಆ ಫ್ಯೂಸ್ ಒಂದೇ.

ಕೊಂಕಣ ಕರಾವಳಿಯ ಹವೆ ಇದಕ್ಕೆ ಸಹಾಯ ಮಾಡುತ್ತದೆ. ಗೋವಾದ ವಾಸ್ಕೊ, ಪಣಜಿ ಕಡೆ ಉಪ್ಪಿನ ಗಾಳಿಗೆ ಕನೆಕ್ಟರ್ ಪಿನ್ ಹಸಿರುಗಟ್ಟುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಿ ರಾತ್ರಿಯೆಲ್ಲಾ ಎಸಿ ಓಡಿ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ತಣ್ಣಗಿನ ಬೋರ್ಡ್ ಮೇಲೆ ಹಬೆ ಕೂರುತ್ತದೆ, ಆಗಲೇ ಸ್ವಿಚ್ ಹಾಕಿದರೆ ಶಾರ್ಟ್. ಪುಣೆಯಲ್ಲಿ ಗುರುವಾರದ ಮೆಂಟೆನೆನ್ಸ್‌ಗೆ ಹೋದ ಕರೆಂಟ್ ವಾಪಸ್ ಬರುವಾಗಿನ ಏರಿಳಿತ, ಡಿಸೆಂಬರ್ ಜನವರಿಯ ಒಣ ಚಳಿಯಲ್ಲಿ ವಿನೈಲ್ ರೋಲ್ ಮೇಲೆ ಹುಟ್ಟುವ ಸ್ಟ್ಯಾಟಿಕ್, ಎರಡೂ ಬೋರ್ಡ್‌ಗೆ ಶತ್ರು.

ಆಯ್ಕೆ ಒಂದು: ಕೈಯಿಂದಲೇ ಆಗುವಷ್ಟು

ಮಷಿನ್ ಆಫ್ ಮಾಡಿ ಪ್ಲಗ್ ತೆಗೆದು, ಹೆಡ್ ಕೇಬಲ್‌ಗಳನ್ನು ಬಿಚ್ಚಿ. ಕನೆಕ್ಟರ್‌ಗಳನ್ನು ಭೂತಗನ್ನಡಿ ಹಿಡಿದು ನೋಡಿ. ಕಪ್ಪಾದ ಪಿನ್, ಇಂಕ್ ಕಲೆ, ಹಸಿರು ಪುಡಿ ಕಂಡರೆ ಕೇಬಲ್ ಬದಲಿಸಿ, ಒರೆಸಿ ಮರುಬಳಸಬೇಡಿ. ಬೋರ್ಡ್ ಮೇಲಿನ ಕಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೆಗೆದು ಪೂರ್ತಿ ಒಣಗಲು ಬಿಡಿ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಫ್ಯೂಸ್‌ಗಳನ್ನು ನೋಡಿ.

ಡಯೋಡ್ ಮೋಡ್ ಗೊತ್ತಿದ್ದರೆ ಒಂದು ಒಳ್ಳೆಯ ಉಪಾಯ ಇದೆ. ಹೆಡ್ ಬೋರ್ಡ್‌ನಲ್ಲಿ (ಹೆಡ್‌ಗಳನ್ನು ನಡೆಸುವ ಬೋರ್ಡ್) ಒಂದೇ ತರಹದ ಸರ್ಕ್ಯೂಟ್ ಪ್ರತಿ ಬಣ್ಣಕ್ಕೂ ಮತ್ತೆ ಮತ್ತೆ ಬರುತ್ತದೆ. ಕೆಲಸ ಮಾಡುವ ಬಣ್ಣದ ಟ್ರಾನ್ಸಿಸ್ಟರ್ ಮೇಲೆ ಏನು ರೀಡಿಂಗ್ ಬರುತ್ತದೆ ಬರೆದುಕೊಳ್ಳಿ, ಕೆಟ್ಟ ಬಣ್ಣದ್ದಕ್ಕೆ ಹೋಲಿಸಿ. ಸರ್ಕ್ಯೂಟ್ ಚಿತ್ರ ಇಲ್ಲದೆಯೂ ದೋಷ ಯಾವ ಮೂಲೆಯಲ್ಲಿದೆ ಅನ್ನೋದು ಸಿಗುತ್ತದೆ. ಹೆಡ್ ಕಡೆಯೂ ಹೀಗೇ ಪಿನ್‌ಗೆ ಪಿನ್ ಹೋಲಿಸಬಹುದು. ಆದರೆ ಅಳೆಯದೆ ಸುಮ್ನೆ ಕೇಬಲ್ ಅದಲುಬದಲು ಮಾಡಿ ಪರೀಕ್ಷಿಸುವ ಅಭ್ಯಾಸ ಬೇಡ. ಕೆಟ್ಟ ಚಾನೆಲ್‌ಗೆ ಒಳ್ಳೆಯ ಹೆಡ್ ಸಿಕ್ಕಿಸಿದರೆ ಎರಡು ಹೆಡ್ ಹೋಗುತ್ತವೆ.

ಖರ್ಚು ಕೆಲವು ನೂರು ರೂಪಾಯಿ. ಎಲ್ಲರೂ ಇಷ್ಟು ಮಾಡಲೇಬೇಕು, ಬೋರ್ಡ್ ಆಮೇಲೆ ಎಲ್ಲಿಗೇ ಹೋಗಲಿ. ಇಲ್ಲಿ ಬರೆದಿಟ್ಟ ರೀಡಿಂಗ್ ರಿಪೇರಿಯವನ ಅರ್ಧ ದಿನ ಉಳಿಸುತ್ತದೆ. ವಾರಂಟಿ ಅಥವಾ ಎಎಂಸಿ (ವಾರ್ಷಿಕ ಸರ್ವಿಸ್ ಕರಾರು) ಇರುವವರು ಮಾತ್ರ ಕವರ್ ತೆರೆಯುವ ಮೊದಲು ಕಂಪನಿಗೆ ಫೋನ್ ಮಾಡಿ.

ಆಯ್ಕೆ ಎರಡು: ಚಿಪ್ ಲೆವೆಲ್ ರಿಪೇರಿ

ನನ್ನ ಒಲವು ಇದರ ಕಡೆ ಇದೆ, ಆದರೆ ಎಲ್ಲ ದೋಷಕ್ಕೂ ಅಲ್ಲ. ಟ್ರಾನ್ಸಿಸ್ಟರ್, ಫ್ಯೂಸ್, ಶಾರ್ಟ್ ಆದ ಸೆರಾಮಿಕ್ ಕೆಪಾಸಿಟರ್, 5 ವೋಲ್ಟ್, 3.3 ವೋಲ್ಟ್ ಮಾಡುವ ರೆಗ್ಯುಲೇಟರ್, ಮೋಟಾರ್ ಡ್ರೈವರ್ ಐಸಿ, ಕನೆಕ್ಟರ್ ಇವು ಕೆಟ್ಟಿದ್ದರೆ ಒಳ್ಳೆಯ ಕೈಗೆ ಬಿದ್ದ ಬೋರ್ಡ್ ಬದುಕುತ್ತದೆ. ಮಾಹಿತಿ ಹಾಗೇ ಉಳಿಯುತ್ತದೆ, ಅಲೈನ್‌ಮೆಂಟ್ ಮತ್ತೆ ಮಾಡುವ ತಲೆನೋವಿಲ್ಲ. ಶಾರ್ಟ್ ಹುಡುಕಲು ಅನುಭವಿಗಳು ಬೆಂಚ್ ಸಪ್ಲೈಯಿಂದ ಕಡಿಮೆ ವೋಲ್ಟೇಜ್ ಕೊಟ್ಟು ಯಾವ ಭಾಗ ಬಿಸಿಯಾಗುತ್ತದೆ ಅಂತ ಥರ್ಮಲ್ ಕ್ಯಾಮೆರಾದಲ್ಲಿ ನೋಡುತ್ತಾರೆ. ಹಾಗೆ ಕೆಲಸ ಮಾಡುವವರು ಸಿಕ್ಕಿದರೆ ಅವರ ನಂಬರ್ ಜೋಪಾನವಾಗಿಡಿ.

ಎಲ್ಲಿ ಆಗುವುದಿಲ್ಲ? ಬೋರ್ಡ್ ನಡುವೆ ಕೂತಿರುವ ದೊಡ್ಡ ಎಫ್‌ಪಿಜಿಎ (ಪ್ರೋಗ್ರಾಂ ತುಂಬಿದ ಚಿಪ್) ಅಥವಾ ಪ್ರೊಸೆಸರ್ ಸತ್ತಿದ್ದರೆ. ಅದನ್ನು ಕಿತ್ತು ಹೊಸದು ಕೂರಿಸಲು ಬಿಜಿಎ ಸ್ಟೇಷನ್ (ಅಡಿಯಲ್ಲಿ ಬೆಸುಗೆ ಇರುವ ಚಿಪ್ ಕೀಳುವ, ಕೂರಿಸುವ ಯಂತ್ರ) ಬೇಕು, ಅದಕ್ಕಿಂತ ಮುಖ್ಯವಾಗಿ ಒಳಗಿನ ಪ್ರೋಗ್ರಾಂ ಬೇಕು. ಲಾಕ್ ಆದ ಚಿಪ್‌ನಲ್ಲಿ ಅದು ಸಿಗುವುದಿಲ್ಲ. ಹಾಗೆಯೇ ಇಂಕ್ ಒಳಪದರಕ್ಕೆ ಇಳಿದು ಬೋರ್ಡ್ ಸುಟ್ಟು ಕಪ್ಪು ರಂಧ್ರ ಆಗಿದ್ದರೆ ಅದರ ಮೇಲೆ ದುಡ್ಡು ಹಾಕಬೇಡಿ. ಮಳೆ ನೀರಿನಲ್ಲಿ ಮುಳುಗಿದ ಬೋರ್ಡ್ ರಿಪೇರಿ ಆಗಬಹುದು, ಆದರೆ ತುಕ್ಕು ಒಳಗೊಳಗೇ ನಡೆಯುತ್ತಿರುತ್ತದೆ, ಆರು ತಿಂಗಳ ನಂತರ ಬೇರೆ ಕಡೆ ಕೈಕೊಡುತ್ತದೆ. ಅಂಥದ್ದನ್ನು ತಾತ್ಕಾಲಿಕ ಅಂತಲೇ ಲೆಕ್ಕ ಹಾಕಿ.

ಮುಂಬಯಿಯವರಿಗೆ ಬಿಡಿಭಾಗಕ್ಕೆ ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ. ಪುಣೆಯಲ್ಲಿ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ. ಜೊತೆಗೆ ಪುಣೆಯವರಿಗೆ ಇನ್ನೊಂದು ಅನುಕೂಲ. ಭೋಸರಿಯಂಥ ಕಾರ್ಖಾನೆ ಪ್ರದೇಶದಲ್ಲಿ ಸಿಎನ್‌ಸಿ ಡ್ರೈವ್, ಪಿಎಲ್‌ಸಿ ಕಾರ್ಡ್ ರಿಪೇರಿ ಮಾಡುವವರು ಸಿಗುತ್ತಾರೆ. ಅವರಿಗೆ ಪ್ರಿಂಟರ್ ಗೊತ್ತಿಲ್ಲದಿರಬಹುದು, ಆದರೆ ಮೋಟಾರ್ ಡ್ರೈವರ್, ಪವರ್ ಭಾಗ ಚೆನ್ನಾಗಿ ಗೊತ್ತು. ಸರ್ವೋ ದೋಷಕ್ಕೆ ನಾನು ಅವರನ್ನೇ ಹೇಳುತ್ತೇನೆ. ಗೋವಾದಲ್ಲಿ ಅಂಥ ಮಾರುಕಟ್ಟೆ ಇಲ್ಲ. ರಾತ್ರಿ ಬಸ್‌ಗೆ ಪಾರ್ಸೆಲ್ ಹಾಕಿ ಮುಂಬಯಿಗೆ ಕಳಿಸುವುದು ವಾಡಿಕೆ. ಆದರೆ ನಮ್ಮವರಿಗೆ ಚೋರ್ಲಾ ಘಾಟ್ ದಾಟಿದರೆ ಬೆಳಗಾವಿ, ಇನ್ನೂ ಮುಂದೆ ಹುಬ್ಬಳ್ಳಿ. ಬೋರ್ಡ್ ಕೈಯಲ್ಲೇ ಹಿಡಿದು ಹೋಗಿ ರಿಪೇರಿಯವನ ಎದುರು ಕೂತು ಕನ್ನಡದಲ್ಲೇ ವಿವರಿಸಬಹುದು, ಅದರ ಬೆಲೆ ದೊಡ್ಡದು.

ರಿಪೇರಿಗೆ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ಭಾಗ ಬದಲಿಸುತ್ತೀರಿ ಅಂತ ಬರೆದು ಕೊಡುತ್ತೀರಾ? ತೆಗೆದ ಭಾಗ ವಾಪಸ್ ಕೊಡುತ್ತೀರಾ? ಪರೀಕ್ಷೆ ಹೇಗೆ ಮಾಡುತ್ತೀರಿ? ಮೂರನೆಯದಕ್ಕೆ ‘ನೀವೇ ಹಾಕಿ ನೋಡಿ’ ಅಂತ ಉತ್ತರ ಬಂದರೆ ಆ ಪರೀಕ್ಷೆಯಲ್ಲಿ ಹೆಡ್ ನಿಮ್ಮದು, ಅಪಾಯವೂ ನಿಮ್ಮದು. ರಿಪೇರಿಯ ರೇಟ್ ಒಂದು ಚಾಲ್ತಿ ಹಳೇ ಬೋರ್ಡ್‌ನ ಅರ್ಧ ದಾಟಿದರೆ ನಾನು ನಿಲ್ಲಿಸಿ ಯೋಚಿಸಲು ಹೇಳುತ್ತೇನೆ.

ಆಯ್ಕೆ ಮೂರು: ಸೆಕೆಂಡ್ ಹ್ಯಾಂಡ್ ಬೋರ್ಡ್

ಮುಚ್ಚಿದ ಅಂಗಡಿಗಳ ಮಷಿನ್‌ಗಳಿಂದ ಬಿಚ್ಚಿದ ಬೋರ್ಡ್‌ಗಳು ಮುಂಬಯಿಯಲ್ಲಿ ಸಿಗುತ್ತವೆ. ವೇಗ ಇದರ ದೊಡ್ಡ ಗುಣ. ಕಂಪನಿ ತಯಾರಿಕೆ ನಿಲ್ಲಿಸಿದ ಹಳೇ ರೋಲ್ಯಾಂಡ್, ಮಿಮಾಕಿ, ಮುಟೋ ಮಾದರಿಗಳಿಗೆ ಎಷ್ಟೋ ಸಲ ಬೇರೆ ದಾರಿಯೂ ಇರುವುದಿಲ್ಲ.

ಆದರೆ ಓಡುತ್ತಿರುವ ಮಷಿನ್‌ನಲ್ಲಿ ಹಾಕಿ ತೋರಿಸಿದರೆ ಮಾತ್ರ ತಗೊಳ್ಳಿ. ‘ಚಾಲು ಮಾಲ್ ಹೈ’ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಪಾರ್ಟ್ ನಂಬರ್ ಮತ್ತು ಕೊನೆಯ ಅಕ್ಷರದ ರಿವಿಷನ್ ಎರಡೂ ಹೊಂದಬೇಕು, ನೋಡಲು ಒಂದೇ ತರಹ ಇರುವ ಎರಡು ರಿವಿಷನ್‌ಗೆ ಬೇರೆ ಫರ್ಮ್‌ವೇರ್ ಇರಬಹುದು. ಬೆಸುಗೆ ಹಾಕಿದ ಗುರುತು, ಟ್ರಾನ್ಸಿಸ್ಟರ್ ಸುತ್ತ ಹಳದಿ ಫ್ಲಕ್ಸ್ ಕಂಡರೆ ಅದು ಈಗಾಗಲೇ ಒಮ್ಮೆ ರಿಪೇರಿ ಆದದ್ದು. ಹಾಗಿದ್ದರೆ ಬಿಡಬೇಕು ಅಂತಲ್ಲ, ರೇಟ್ ಇಳಿಸಬೇಕು. ಕೆಲವು ಹಳೇ ಮಾದರಿಗಳ ಬೋರ್ಡ್ ಮೇಲೆ ನಾಣ್ಯದಂಥ ಲಿಥಿಯಂ ಸೆಲ್ ಇರುತ್ತದೆ, ಅದು ಬಹಳ ವರ್ಷದ್ದಾಗಿದ್ದರೆ ಸೆಟ್ಟಿಂಗ್ ಭರ್ತಿ ಮಾಡುವ ಮೊದಲೇ ಬದಲಿಸಿ.

ಹಳೇ ಬೋರ್ಡ್‌ನಲ್ಲಿ ಬೇರೆ ಮಷಿನ್‌ನ ಹೆಡ್ ರ್‍ಯಾಂಕ್ ಇರುತ್ತದೆ. ಅದನ್ನು ತಿದ್ದದೆ ಪ್ರಿಂಟ್ ಕೊಟ್ಟರೆ ಬಣ್ಣ ಏರುಪೇರು, ಬ್ಯಾಂಡಿಂಗ್ (ಪ್ರಿಂಟ್ ಮೇಲೆ ಪಟ್ಟೆ ಪಟ್ಟೆ). ನಿಮ್ಮ ಹೆಡ್ ಮೇಲಿನ ಸ್ಟಿಕ್ಕರ್‌ನ ಅಂಕಿಗಳನ್ನು ಫೋಟೋ ತೆಗೆದು ಇಟ್ಟುಕೊಳ್ಳಿ. ಸರ್ವಿಸ್ ಮೋಡ್‌ಗೆ ಹೋಗಿ ತುಂಬಲು ಬರುವವರ ಕೂಲಿಯನ್ನೂ ಬೋರ್ಡ್ ಬೆಲೆಗೆ ಸೇರಿಸಿ. ಬಿಲ್ ಇಲ್ಲದೆ ನಗದು ವ್ಯವಹಾರ ಆದರೆ ಜಿಎಸ್‌ಟಿ ಕ್ರೆಡಿಟ್ ಹೋಯಿತು, ವಾಪಸ್ ಕೇಳುವ ಹಕ್ಕೂ ಹೋಯಿತು.

ಆಯ್ಕೆ ನಾಲ್ಕು: ಹೊಸ ಬೋರ್ಡ್

ಇದರಲ್ಲಿ ಎರಡು ಲೋಕ. ರೋಲ್ಯಾಂಡ್, ಎಪ್ಸನ್, ಎಚ್‌ಪಿ, ಮಿಮಾಕಿಯಂಥ ಬ್ರಾಂಡ್ ಮಷಿನ್‌ಗೆ ಕಂಪನಿಯ ಹೊಸ ಬೋರ್ಡ್ ಅಧಿಕೃತ ಸರ್ವಿಸ್ ಮೂಲಕ ಬರುತ್ತದೆ. ದುಬಾರಿ. ಆದರೆ ಹಾಕಿ, ಮಾಹಿತಿ ತುಂಬಿ, ಹೊಂದಿಸಿ ಕೊಡುವ ಜವಾಬ್ದಾರಿ ಅವರದು. ಮಷಿನ್ ಹೊಸದು, ಬ್ಯಾಂಕ್ ಕಂತು ಇನ್ನೂ ಇದೆ, ದೊಡ್ಡ ಗ್ರಾಹಕರ ಬಣ್ಣ ತಪ್ಪಬಾರದು ಅನ್ನುವವರಿಗೆ ಇದೇ ಸರಿ. ಬೋರ್ಡ್ ಸ್ಟಾಕ್‌ನಲ್ಲಿದೆಯಾ, ಇಲ್ಲ ಆರ್ಡರ್ ಹಾಕಬೇಕಾ, ಅದನ್ನು ಅಡ್ವಾನ್ಸ್ ಕೊಡುವ ಮೊದಲು ಬರಹದಲ್ಲಿ ಕೇಳಿ.

ಚೀನಾ ಫ್ಲೆಕ್ಸ್ ಮಷಿನ್‌ಗಳ ಕಥೆ ಸುಲಭ. ಬಿವೈಎಚ್‌ಎಕ್ಸ್, ಹೋಸನ್ ತರಹದ ಬೋರ್ಡ್‌ಗಳು ಮಷಿನ್‌ನಿಂದ ಬೇರೆಯಾಗಿ ಮಾರಾಟವಾಗುತ್ತವೆ. ಮೇನ್ ಬೋರ್ಡ್, ಹೆಡ್ ಬೋರ್ಡ್ ಬೇರೆ ಬೇರೆ, ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಕೊಳ್ಳುವಾಗ ಹೆಡ್ ಮಾದರಿ, ಹೆಡ್‌ಗಳ ಸಂಖ್ಯೆ, ಫರ್ಮ್‌ವೇರ್ ಮೂರನ್ನೂ ಹೇಳಿ. ಕೆಲವು ಬೋರ್ಡ್‌ಗಳು ಪಾಸ್‌ವರ್ಡ್ ಕೇಳುತ್ತವೆ, ಅವಧಿ ಮುಗಿದರೆ ನಿಂತುಬಿಡುತ್ತವೆ. ಪಾಸ್‌ವರ್ಡ್ ಕೊಡುವವರು ಯಾರು, ಮುಂದೆಯೂ ಕೊಡುತ್ತಾರಾ ಅನ್ನೋದು ಖಚಿತವಾಗದೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಬೇಡಿ.

ಇಂಥ ಮಷಿನ್ ಎರಡು ಮೂರು ಇರುವ ಅಂಗಡಿಯವರು ಒಂದು ಹೆಡ್ ಬೋರ್ಡ್ ಸ್ಪೇರ್ ಇಟ್ಟುಕೊಳ್ಳುವುದು ಒಳ್ಳೆಯದು. ಸೀಸನ್‌ನಲ್ಲಿ ಅದನ್ನು ಹಾಕಿ ಓಡಿಸಿ, ಕೆಟ್ಟದ್ದನ್ನು ನಿಧಾನವಾಗಿ ರಿಪೇರಿ ಮಾಡಿಸಿ. ಚುನಾವಣೆ, ಹಬ್ಬದ ಸಮಯದಲ್ಲಿ ರಿಪೇರಿಯವರಿಗೂ ಕೆಲಸ ತುಂಬಿರುತ್ತದೆ, ಅವಸರ ಮಾಡಿದರೆ ಕೆಲಸ ಹಾಳು.

ಆಯ್ಕೆ ಐದು: ಕನ್ವರ್ಶನ್, ಅಥವಾ ಮಾರಿಬಿಡುವುದು

ಹಳೇ ಮಷಿನ್‌ನ ಎಲ್ಲ ಎಲೆಕ್ಟ್ರಾನಿಕ್ಸ್ ತೆಗೆದು ಹೊಸ ಬೋರ್ಡ್ ಸೆಟ್, ಹೊಸ ಹೆಡ್, ಉದಾಹರಣೆಗೆ ಎಪ್ಸನ್ ಐ3200, ಕೂರಿಸುವುದು ಕನ್ವರ್ಶನ್. ರೈಲ್ ನೇರ ಇದೆ, ಬೆಲ್ಟ್, ಬೇರಿಂಗ್, ಪಿಂಚ್ ರೋಲರ್ ಗಟ್ಟಿ ಇವೆ, ಆದರೆ ಹೆಡ್‌ಗಳ ಆಯಸ್ಸು ಮುಗಿದಿದೆ, ಬೋರ್ಡ್‌ಗೂ ಬಿಡಿಭಾಗ ಸಿಗುತ್ತಿಲ್ಲ ಅನ್ನುವಾಗ ಇದು ನಿಜಕ್ಕೂ ಒಳ್ಳೆಯ ದಾರಿ. ರೈಲ್ ಸವೆದಿದ್ದರೆ ಬೇಡ, ಹೊಸ ಹೆಡ್ ಕೂಡ ಸೊಟ್ಟ ಗೆರೆಯನ್ನೇ ಹೊಡೆಯುತ್ತದೆ. ಕನ್ವರ್ಟ್ ಆದ ಮೇಲೆ ಮೂಲ ಕಂಪನಿಯ ಸರ್ವಿಸ್ ಸಿಗುವುದಿಲ್ಲ, ರಿಪ್ ಸಾಫ್ಟ್‌ವೇರ್ (ಡಿಸೈನನ್ನು ಮಷಿನ್‌ಗೆ ಅರ್ಥವಾಗುವಂತೆ ಬದಲಿಸುವುದು), ಬಣ್ಣದ ಪ್ರೊಫೈಲ್ ಎಲ್ಲಾ ಹೊಸದು ಬೇಕು. ಕಿಟ್ ಹಾಕುವವರು ಹತ್ತಿರದಲ್ಲೇ ಇರಬೇಕು. ಮುಂಬಯಿಯವರಿಗೆ ಸರಿ, ಮಡಗಾಂವ್‌ನಲ್ಲಿ ಒಂಟಿ ಮಷಿನ್ ಇಟ್ಟುಕೊಂಡವರಿಗೆ ನಾನು ಇದನ್ನು ಹೇಳಲಾರೆ.

ಹೆಡ್, ಬೋರ್ಡ್, ಮೆಕ್ಯಾನಿಕಲ್ ಮೂರೂ ಒಟ್ಟಿಗೆ ಸೋತಿದ್ದರೆ ಬಿಡಿ ಭಾಗವಾಗಿ ಮಾರಿ. ಮೋಟಾರ್, ಎಸ್‌ಎಂಪಿಎಸ್, ಪಂಪ್, ಸೆನ್ಸರ್‌ಗೆ ಕೊಳ್ಳುವವರಿದ್ದಾರೆ. ಸುಟ್ಟ ಬೋರ್ಡನ್ನು ಗುಜರಿಯವನಿಗೆ ಕೊಡದೆ ನೋಂದಾಯಿತ ಇ-ತ್ಯಾಜ್ಯದವರಿಗೆ ಕೊಡಿ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ ಹೇಳುವುದೂ ಅದನ್ನೇ.

ಯಾರಿಗೆ ಏನು

ಮುಂಬಯಿ ಹತ್ತಿರದ ತುರ್ಭೆ, ಭಿವಂಡಿ ಕಡೆ ಕೋನಿಕಾ ಹೆಡ್‌ನ ಫ್ಲೆಕ್ಸ್ ಮಷಿನ್ ಹಗಲು ರಾತ್ರಿ ಓಡಿಸುವವರು ಹೊಸ ಹೆಡ್ ಬೋರ್ಡ್ ಹಾಕಿ, ಹಳೆಯದನ್ನು ರಿಪೇರಿ ಮಾಡಿಸಿ ಸ್ಪೇರ್ ಇಡಿ. ಡೊಂಬಿವಲಿಯಲ್ಲಿ ಒಂದೇ ಇಕೊ ಸಾಲ್ವೆಂಟ್ ಇಂಕಿನ ಮಷಿನ್, ಸ್ಟಿಕ್ಕರ್, ಹೋಟೆಲ್ ಮೆನು, ಸಂಘದ ಕಾರ್ಯಕ್ರಮದ ಬ್ಯಾನರ್ ಮಾಡುವವರು ಚಿಪ್ ಲೆವೆಲ್ ರಿಪೇರಿಯನ್ನೇ ಮೊದಲು ನೋಡಿ. ಆ ದಿನಗಳಿಗೆ ಜಾಬ್‌ವರ್ಕ್ ಏರ್ಪಾಡು ಮಾಡಿಕೊಳ್ಳಿ. ಪುಣೆಯಲ್ಲಿ ಪ್ಲಾನ್ ಪ್ರಿಂಟ್ ತೆಗೆಯುವವರು ಡಿಸ್ಕ್, ಎಸ್‌ಎಂಪಿಎಸ್ ಪರೀಕ್ಷೆ ಮುಗಿಯುವವರೆಗೆ ಬೋರ್ಡ್‌ಗೆ ಕೈ ಹಾಕಬೇಡಿ. ಗೋವಾದವರಿಗೆ ದಿನವೇ ದುಬಾರಿ. ಪ್ರವಾಸಿ ಸೀಸನ್ ಅಕ್ಟೋಬರ್‌ನಲ್ಲಿ ಶುರುವಾಗುವ ಮೊದಲೇ, ಮಳೆಗಾಲದ ಬಿಡುವಿನಲ್ಲಿ ರಿಪೇರಿ ಮುಗಿಸಿ. ಸೀಸನ್ ನಡುವೆ ಕೆಟ್ಟರೆ ಪರೀಕ್ಷಿಸಿದ ಹಳೇ ಬೋರ್ಡ್ ಅಥವಾ ಹೊಸದು, ಯಾವುದು ಮೊದಲು ಕೈಗೆ ಬರುತ್ತದೋ ಅದು.

ಯಾವ ದಾರಿ ಹಿಡಿದರೂ ಬೋರ್ಡ್ ಬಿಚ್ಚುವ ಮೊದಲು ಎಲ್ಲ ಕೇಬಲ್‌ಗೆ ನಂಬರ್ ಅಂಟಿಸಿ ಫೋಟೋ ತೆಗೆಯಿರಿ, ಜಂಪರ್ ಮತ್ತು ಸಣ್ಣ ಸ್ವಿಚ್‌ಗಳ ಸ್ಥಾನವೂ ಫೋಟೋದಲ್ಲಿ ಬರಲಿ. ಮಷಿನ್ ಇನ್ನೂ ಆನ್ ಆಗುತ್ತಿದ್ದರೆ ಸೆಟ್ಟಿಂಗ್ ಪೇಜ್ ಪ್ರಿಂಟ್ ತೆಗೆದು, ಸಾಫ್ಟ್‌ವೇರ್‌ನಿಂದ ಪ್ಯಾರಾಮೀಟರ್ ಫೈಲ್ ಉಳಿಸಿ. ಕಳಿಸುವಾಗ ಆಂಟಿಸ್ಟ್ಯಾಟಿಕ್ ಕವರ್ ಬಳಸಿ, ಬರಿ ಪ್ಲಾಸ್ಟಿಕ್ ಅಥವಾ ಥರ್ಮೋಕೋಲ್ ಬೇಡ.

ಬೋರ್ಡ್ ಬಂದ ಮೇಲೆ ಹಾಕುವ ಕ್ರಮ ಹೀಗಿರಲಿ. ಹೆಡ್ ಕೇಬಲ್ ಬಿಚ್ಚಿಟ್ಟೇ ಆನ್ ಮಾಡಿ. 42, 24, 5, 3.3 ಹೀಗೆ ನಿಮ್ಮ ಬೋರ್ಡ್‌ನಲ್ಲಿ ಬರಬೇಕಾದ ವೋಲ್ಟೇಜ್‌ಗಳು ಬಂದಿವೆಯಾ ನೋಡಿ. ಏನಾದರೂ ಬಿಸಿಯಾಗುತ್ತಿದೆಯಾ ಗಮನಿಸಿ. ಹೆಡ್ ಇಲ್ಲ ಅನ್ನುವ ಎರರ್ ಬಂದರೆ ಪರವಾಗಿಲ್ಲ, ಅದು ನಿರೀಕ್ಷಿತವೇ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಲೈಟ್‌ಗಳು ಪೂರ್ತಿ ಆರುವವರೆಗೆ ಕಾದು, ಹೊಸ ಕೇಬಲ್‌ನಲ್ಲಿ ಒಂದೇ ಒಂದು ಹೆಡ್ ಸಿಕ್ಕಿಸಿ. ನಾಜಲ್ ಚೆಕ್ ತೆಗೆಯಿರಿ. ಸರಿ ಬಂದರೆ ಮತ್ತೆ ಆಫ್ ಮಾಡಿ ಮುಂದಿನ ಹೆಡ್. ಕೇಬಲ್ ಸೊಟ್ಟ ಕೂತರೆ ಒಂದು ಕ್ಷಣದಲ್ಲಿ ಎಲ್ಲಾ ಖರ್ಚು ನೀರಿಗೆ ಹೋಗುತ್ತದೆ, ಹಾಗಾಗಿ ಪ್ರತಿ ಕೇಬಲ್ ನೇರವಾಗಿ, ಕೊನೆಯವರೆಗೆ ಹೋಗಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಎಲ್ಲ ಹೆಡ್ ಆದ ಮೇಲೆ ಹೆಡ್ ವೋಲ್ಟೇಜ್, ರ್‍ಯಾಂಕ್ ತುಂಬಿ, ಅಲೈನ್‌ಮೆಂಟ್ ಮಾಡಿ, ಹೀಟರ್ ಮತ್ತು ಫ್ಯಾನ್ ಎರಡೂ ಹಾಕಿಕೊಂಡು ಒಂದೆರಡು ಗಂಟೆ ಸತತ ಪ್ರಿಂಟ್ ಓಡಿಸಿ. ರಿಪೇರಿಯವನಿಗೋ ಮಾರಿದವನಿಗೋ ಬಾಕಿ ದುಡ್ಡು ಕೊಡುವುದು ಅದಾದ ಮೇಲೆ.